ಕೀಲಿಗೆ ಮುನ್ನ ಎರಡು ವರ್ಷದ ಮೇಂಟೆನೆನ್ಸ್

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟಿನ ಕೀಲಿ ಕೈಸೇರುವ ಮುನ್ನ ಬರುವ ಕೊನೆಯ ಡಿಮ್ಯಾಂಡ್ ಲೆಟರಿನಲ್ಲಿ ನೋಂದಣಿ, ಖಾತಾ, ಕಾರ್ಪಸ್‌ಗಳ ಜೊತೆಗೆ ಒಂದೆರಡು ವರ್ಷದ ಮೇಂಟೆನೆನ್ಸ್ ಮುಂಗಡವೂ ಸೇರಿರುವುದು ಮಾಮೂಲಾಗಿದೆ. ಲಕ್ಷಗಟ್ಟಲೆ ಸಾಲ ಮಾಡಿ, ಗೃಹಪ್ರವೇಶಕ್ಕೆ ಮುಹೂರ್ತ ಇಡಿಸಿದವರು ಆ ಹೊತ್ತಿನಲ್ಲಿ ತಕರಾರು ತೆಗೆಯುವುದಿಲ್ಲ. ಕಾರ್ಪಸ್ ಸರಿ, ನಾಳೆ ಲಿಫ್ಟ್ ಬದಲಿಸಲು, ಬಣ್ಣ ಹೊಡೆಸಲು ಅದು ಬೇಕು, ನಿವಾಸಿಗಳ ಸಂಘಕ್ಕೆ ಹಸ್ತಾಂತರವಾಗಬೇಕಾದ ದುಡ್ಡು ಅದು. ನಾನು ಒಪ್ಪದಿರುವುದು ಬಿಲ್ಡರ್ ಗೊತ್ತುಮಾಡಿದ ನಿರ್ವಹಣಾ ಕಂಪನಿಗೆ ಹೋಗುವ ಮುಂಗಡವನ್ನು.

1,500 ಚದರಡಿಯ ಫ್ಲ್ಯಾಟು, ಚದರಡಿಗೆ ತಿಂಗಳಿಗೆ 5 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 7,500, ಎರಡು ವರ್ಷಕ್ಕೆ 1,80,000. ಶೇ 18 ಜಿಎಸ್‌ಟಿ 32,400 ಸೇರಿ 2,12,400. ಅದೇ 7,500 ರೂಪಾಯಿಯನ್ನು ನಿವಾಸಿಗಳ ಸಂಘವೇ ಸದಸ್ಯರಿಂದ ವಸೂಲು ಮಾಡಿದರೆ ಜಿಎಸ್‌ಟಿ ಬೀಳುವುದಿಲ್ಲ. ವಿನಾಯಿತಿಯ ಮಿತಿಯೇ ಅಷ್ಟು, ಲಾಭಕ್ಕೆ ನಡೆಯುವ ಕಂಪನಿಗೆ ಅದು ಸಿಗದು. ಹಾಗೆಂದು 32,400 ಪೂರ್ತಿ ಉಳಿಯುತ್ತದೆ ಎನ್ನಲಾರೆ. ಸೆಕ್ಯುರಿಟಿ ಏಜೆನ್ಸಿಯ ಬಿಲ್ಲಿನ ಮೇಲಿನ ತೆರಿಗೆಯನ್ನು ಸಂಘ ತಾನೇ ಹೊರಬೇಕು. ಆದರೆ ಕರೆಂಟ್ ಬಿಲ್ಲು, ನೇರ ಸಂಬಳದ ಕೆಲಸಗಾರರ ಮೇಲೆ ಆ ಹೊರೆಯಿಲ್ಲ. ಇನ್ನು ಬಡ್ಡಿ. ತಿಂಗಳು ತಿಂಗಳು ಕಟ್ಟಬಹುದಾಗಿದ್ದ ಹಣವನ್ನು ಒಮ್ಮೆಗೇ ಕಟ್ಟಿದ್ದರಿಂದ ಸರಾಸರಿ ಒಂದು ಲಕ್ಷಕ್ಕೂ ತುಸು ಹೆಚ್ಚು ಮೊತ್ತ ಎರಡು ವರ್ಷ ಕಂಪನಿಯ ಬಳಿ ಇದ್ದಂತಾಯಿತು. ಶೇ 8.5ರ ಗೃಹಸಾಲದ ದರದಲ್ಲಿ ಅದರ ಬಡ್ಡಿ 17,300 ರೂಪಾಯಿಯ ಆಸುಪಾಸು. ಮುನ್ನೂರು ಮನೆಗಳಿಗೆ ಸುಮಾರು 52 ಲಕ್ಷ.

ಅರ್ಧ ಮನೆಗಳು ಖಾಲಿಯಿರುವಾಗಲೂ ಲಿಫ್ಟ್, ಕೊಳಚೆ ನೀರು ಶುದ್ಧೀಕರಣ ಘಟಕ (ಎಸ್‌ಟಿಪಿ) ನಡೆಯಲೇಬೇಕಲ್ಲ, ಎಲ್ಲರೂ ಸಮಯಕ್ಕೆ ಕಟ್ಟುತ್ತಾರೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಮೂರು ತಿಂಗಳ ಠೇವಣಿ ಸಾಕು, ಇಪ್ಪತ್ತನಾಲ್ಕು ತಿಂಗಳದ್ದು ಬೇಕಿಲ್ಲ. ಸಂಘ ವಹಿಸಿಕೊಳ್ಳುವವರೆಗೆ ನ್ಯಾಯವಾದ ಶುಲ್ಕಕ್ಕೆ ಅಗತ್ಯ ಸೇವೆ ಒದಗಿಸುವುದು 2016ರ ರೇರಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬಿಲ್ಡರನ ಹೊಣೆ. ಮಾರಾಟವಾಗದ ಫ್ಲ್ಯಾಟುಗಳ ಪಾಲನ್ನೂ ಅವನೇ ಕಟ್ಟಬೇಕಲ್ಲವೇ? ಮೊದಲು ಬಂದವರ ಮುಂಗಡದಲ್ಲಿ ಆ ಪಾಲೂ ಕರಗಿಹೋದರೆ ಕೇಳುವವರು ಯಾರು?

ಬಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಲವು ಒಪ್ಪಂದಗಳಲ್ಲಿ ಕಂಪನಿಯ ಶುಲ್ಕ ಖರ್ಚಿನ ಮೇಲಿನ ಶೇಕಡಾವಾರು. ಖರ್ಚು ಹೆಚ್ಚಿದಷ್ಟೂ ಅದರ ಗಳಿಕೆ ಹೆಚ್ಚು! ಇಂಥ ಒಪ್ಪಂದಕ್ಕೆ ಮುಂಗಡವೂ ಸೇರಿದರೆ ಜಿಪುಣತನದಿಂದ ಖರ್ಚು ಮಾಡಲು ಅದಕ್ಕೆ ಯಾವ ಕಾರಣವೂ ಉಳಿಯುವುದಿಲ್ಲ. ಕೆಲಸ ಸರಿಯಿಲ್ಲವೆಂದು ಮುಂದಿನ ತಿಂಗಳ ಬಿಲ್ಲು ತಡೆಯುವ ಅಧಿಕಾರವನ್ನು ನಿವಾಸಿಗಳು ಮೊದಲ ದಿನವೇ ಬಿಟ್ಟುಕೊಟ್ಟಿರುತ್ತಾರೆ. ತರಕಾರಿ ಕೊಳ್ಳುವಾಗ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ಈ ಒಪ್ಪಂದದ ಪ್ರತಿಯನ್ನೂ ಕೇಳಿ ಪಡೆಯುವುದಿಲ್ಲ. ಸಂಘದ ಮೊದಲ ಸಭೆಗೆ ಹೋಗುವವರಂತೂ ಬೆರಳೆಣಿಕೆಯಷ್ಟು. ಮುಂಗಡ ಕಟ್ಟದೆ ಕೀಲಿ ಕೊಡುವುದಿಲ್ಲ ಎಂದರೆ, ಕಟ್ಟುವ ಮುನ್ನ ಮೂರು ವಿಷಯ ಬರಹದಲ್ಲಿ ಪಡೆಯಿರಿ: ಹಣ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರುತ್ತದೆ, ಮೂರು ತಿಂಗಳಿಗೊಮ್ಮೆ ಬಿಲ್ಲುಗಳ ಸಮೇತ ಲೆಕ್ಕ ಕೊಡುತ್ತಾರೆ, ಸಂಘ ವಹಿಸಿಕೊಂಡ ದಿನ ಮಿಕ್ಕದ್ದೆಲ್ಲ ಬಡ್ಡಿ ಸಹಿತ ಸಂಘಕ್ಕೆ ಬರುತ್ತದೆ.