ಬಂಡೆ ಅಲ್ಲೇ ಇದೆ, ಫೋಟೊದ ಬೆನ್ನು ಖಾಲಿ

ನಿವೃತ್ತಿಯಾದ ಮೇಲೆ ಗಂಡ ಹೆಂಡತಿಯ ಕೈಗೆ ಎರಡು ಸಂಗತಿ ಒಟ್ಟಿಗೇ ಬರುತ್ತವೆ: ಬಿಡುವು ಮತ್ತು ಹಳೆಯ ಫೋಟೊಗಳ ಡಬ್ಬ. ಅಮೆರಿಕದ ನೈರುತ್ಯ ಭಾಗದಲ್ಲಿ, ಅಂದರೆ ಕ್ಯಾಲಿಫೋರ್ನಿಯಾ, ಅರಿಜೋನಾ, ನೆವಾಡಾಗಳಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರ ಮನೆಗಳಲ್ಲಿ ಈ ಡಬ್ಬಕ್ಕೆ ಅದರದೇ ಬಣ್ಣವಿದೆ. 1965ರ ವಲಸೆ ಕಾಯ್ದೆ ಬಾಗಿಲು ತೆರೆದ ಮೇಲೆ ಬಂದಿಳಿದ ಎಂಜಿನಿಯರು, ಡಾಕ್ಟರುಗಳ ತಲೆಮಾರು ರಜೆ ಸಿಕ್ಕಾಗಲೆಲ್ಲ ಮಕ್ಕಳನ್ನು ಕೂರಿಸಿಕೊಂಡು ಮರುಭೂಮಿಯ ದಾರಿ ಹಿಡಿದಿತ್ತು. ಆ ಫೋಟೊಗಳನ್ನು ಒಮ್ಮೆ ನೋಡಿದರೆ ಸಾಕು, ಉಳಿದವನ್ನು ಊಹಿಸಬಹುದು: ಕಾರಿಗೆ ಒರಗಿ ನಿಂತ ಸೀರೆಯ ಹೆಂಗಸು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಮಗು, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ. ಒಂದು ಪ್ರತಿ ಆಲ್ಬಮ್ಮಿಗೆ, ಇನ್ನೊಂದು ಏರ್‌ಮೇಲ್ ಲಕೋಟೆಯಲ್ಲಿ ಊರಿಗೆ. ಇಷ್ಟು ವರ್ಷಗಳಲ್ಲಿ ನಾನು ಕಲಿತ ಪಾಠ ಇದು: ಈ ಫೋಟೊಗಳನ್ನು ಸೋಫಾದ ಮೇಲೆ ಕೂತು ತಿರುವಿಹಾಕಿದರೆ ಹೊತ್ತು ಹೋಗುತ್ತದೆ, ಅಷ್ಟೇ. ತೆಗೆದ ಜಾಗಕ್ಕೇ ಒಯ್ದು, ಇಬ್ಬರೂ ಅಲ್ಲಿ ನಿಂತು ಹೋಲಿಸಿ, ಕಂಡದ್ದನ್ನೂ ನೆನಪಾದದ್ದನ್ನೂ ಬೆನ್ನ ಮೇಲೆ ಬರೆದಾಗ ಮಾತ್ರ ಅವು ಮನೆತನದ ದಾಖಲೆಯಾಗುತ್ತವೆ. ಈ ಕೆಲಸ ಇಬ್ಬರಿಗೂ ಕಾರು ಹತ್ತಿ ಇಳಿಯಲು ಶಕ್ತಿ ಇರುವಾಗಲೇ ಆಗಬೇಕು.

ಮರುಭೂಮಿಯೇ ಯಾಕೆ ಎಂದು ಕೇಳಬಹುದು. 1975ರ ಒಂದು ಫೋಟೊ ಹಿಡಿದುಕೊಂಡು ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಗೆ ಹೋಗಿ ನೋಡಿ. ಕಾಂಪೌಂಡಿಲ್ಲ, ಮರವಿಲ್ಲ, ಮನೆಯೂ ಇಲ್ಲ. ಮನುಷ್ಯರೂ ಬದಲಾಗಿ ಹಿನ್ನೆಲೆಯೂ ಬದಲಾದರೆ ಹೋಲಿಸಲು ಹಿಡಿತವೇ ಸಿಗದು. ಮರುಭೂಮಿಯಲ್ಲಿ ಹಿನ್ನೆಲೆ ಕದಲುವುದಿಲ್ಲ. ಡೆತ್ ವ್ಯಾಲಿಯ ಝಬ್ರಿಸ್ಕಿ ಪಾಯಿಂಟಿನಲ್ಲಿ ನಿಂತರೆ ಹಳದಿ ಮಣ್ಣಿನ ಮಡಿಕೆಗಳ ನಡುವೆ ಎದ್ದಿರುವ ಮ್ಯಾನ್ಲಿ ಬೀಕನ್ ಶಿಖರ ಐವತ್ತು ವರ್ಷದ ಹಿಂದಿನ ಫೋಟೊದಲ್ಲಿ ಹೇಗಿದೆಯೋ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಜನರಲ್ ಪ್ಯಾಟನ್ ಆರಂಭಿಸಿದ ಮರುಭೂಮಿ ಯುದ್ಧ ತರಬೇತಿ ಕೇಂದ್ರ ನಡೆದದ್ದು 1942ರಿಂದ 1944ರವರೆಗೆ. ಅಂದಿನ ಟ್ಯಾಂಕುಗಳ ಜಾಡು ಮೊಹಾವಿ ನೆಲದ ಕೆಲವೆಡೆ ಇವತ್ತಿಗೂ ಅಳಿಸಿಲ್ಲ. ಅರಿಜೋನಾದ ಸಗುವಾರೊ ಕಳ್ಳಿ ಮೊದಲ ಎಂಟು ವರ್ಷದಲ್ಲಿ ಬೆಳೆಯುವುದು ಒಂದು, ಒಂದೂವರೆ ಅಂಗುಲ. ಅದಕ್ಕೆ ಮೊದಲ ತೋಳು ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಇಂಥ ನೆಲ ಒಂದು ಕುಟುಂಬಕ್ಕೆ ಒಳ್ಳೆಯ ಅಳತೆಕೋಲು. ಮಗು ಬೆಳೆದದ್ದು, ತಲೆಗೂದಲು ಬೆಳ್ಳಗಾದದ್ದು, ಫೋಟೊದಲ್ಲಿದ್ದ ಒಬ್ಬರು ಈಗ ಇಲ್ಲದಿರುವುದು ಎಲ್ಲವೂ ಅದರ ಮುಂದೆ ಸ್ಪಷ್ಟವಾಗಿ ಕಾಣುತ್ತದೆ.

ಇದು ಮುದುಕರ ಹವ್ಯಾಸವೆಂದು ತಳ್ಳಿಹಾಕುವ ಮೊದಲು, ವಿಜ್ಞಾನಿಗಳು ಇದೇ ಮರುಭೂಮಿಯಲ್ಲಿ ಇದನ್ನೇ ಮಾಡಿದ್ದಾರೆಂಬುದು ನೆನಪಿರಲಿ. 1889-90ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನೊಳಗೆ ರೈಲು ದಾರಿ ಹಾಕಬಹುದೇ ಎಂದು ಸರ್ವೆ ಮಾಡಿದ ರಾಬರ್ಟ್ ಬ್ರೂಸ್ಟರ್ ಸ್ಟಾಂಟನ್ ನದಿಯುದ್ದಕ್ಕೂ ನೂರಾರು ಫೋಟೊ ತೆಗೆದಿದ್ದ. ರೈಲು ಬರಲಿಲ್ಲ, ಫೋಟೊಗಳು ಉಳಿದವು. ಸುಮಾರು ನೂರು ವರ್ಷದ ನಂತರ ರಾಬರ್ಟ್ ವೆಬ್ ಮತ್ತು ಸಂಗಡಿಗರು ಅದೇ ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ಯಾವ ಗಿಡ ಉಳಿದಿದೆ, ಯಾವ ದಂಡೆ ಕೊಚ್ಚಿಹೋಗಿದೆ ಎಂದು ಲೆಕ್ಕ ಹಾಕಿದರು. ಅದಕ್ಕೂ ಮೊದಲೇ, 1965ರಲ್ಲಿ, ಹೇಸ್ಟಿಂಗ್ಸ್ ಮತ್ತು ರೇಮಂಡ್ ಟರ್ನರ್ ಸೊನೊರಾ ಮರುಭೂಮಿ ಸೀಮೆಯ ಹಳೆಯ, ಹೊಸ ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಪುಸ್ತಕವನ್ನೇ ಬರೆದಿದ್ದರು. ಅವರ ವಿಧಾನಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಹಳೆಯ ಫೋಟೊದಲ್ಲಿ ಹತ್ತಿರದ ಒಂದು ಬಂಡೆಯ ಅಂಚು ದೂರದ ಬೆಟ್ಟಸಾಲಿನ ಯಾವ ಕಚ್ಚಿಗೆ ತಾಗಿದೆ ನೋಡಿ. ಅವೆರಡೂ ಹಾಗೆಯೇ ಕೂಡುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ನೆರಳು ಬಿದ್ದ ದಿಕ್ಕು ನೋಡಿದರೆ ಬೆಳಿಗ್ಗೆಯೋ ಸಂಜೆಯೋ ತಿಳಿಯುತ್ತದೆ. ಇದು ಒಬ್ಬರಿಗಿಂತ ಇಬ್ಬರಿಗೆ ಹೇಳಿಮಾಡಿಸಿದ ಕೆಲಸ. ಒಬ್ಬರು ಫೋಟೊ ಹಿಡಿದು ‘ರೀ, ಇನ್ನೆರಡು ಹೆಜ್ಜೆ ಎಡಕ್ಕೆ ಬನ್ನಿ’ ಎನ್ನಬೇಕು, ಇನ್ನೊಬ್ಬರು ಸರಿಯಬೇಕು.

ಇಬ್ಬರು ಬೇಕೆಂಬುದಕ್ಕೆ ಇನ್ನೂ ಆಳವಾದ ಕಾರಣವಿದೆ. ದೀರ್ಘಕಾಲ ಒಟ್ಟಿಗೆ ಬಾಳಿದ ದಂಪತಿಗಳ ನೆನಪಿನ ಬಗ್ಗೆ ಆಸ್ಟ್ರೇಲಿಯಾದ ಸೀಲಿಯಾ ಹ್ಯಾರಿಸ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಟ್ಟಿಗೆ ನೆನಪಿಸಿಕೊಳ್ಳುವುದರಿಂದ ಎಲ್ಲ ಜೋಡಿಗಳಿಗೂ ಲಾಭವಾಗಲಿಲ್ಲ. ಆದರೆ ಒಬ್ಬರ ಮಾತಿನ ತುದಿ ಇನ್ನೊಬ್ಬರು ಹಿಡಿದು ಮುಂದುವರಿಸುವ ಜೋಡಿಗಳು ಬಿಡಿಬಿಡಿಯಾಗಿ ನೆನೆದದ್ದಕ್ಕಿಂತ ಹೆಚ್ಚು ಹೊರತೆಗೆದರು. ಕುಟುಂಬದ ಫೋಟೊಗಳಲ್ಲಿ ಇದು ಹೇಗೆ ಕೆಲಸ ಮಾಡುತ್ತದೆಂದು ನೋಡುವುದು ಸುಲಭ. ಆ ಕಾಲದ ಆಲ್ಬಮ್ಮುಗಳಲ್ಲಿ ದಂಪತಿಯಲ್ಲಿ ಒಬ್ಬರು ಸದಾ ಗೈರು, ಯಾಕೆಂದರೆ ಅವರು ಕ್ಯಾಮೆರಾದ ಹಿಂದಿದ್ದರು. ಇದ್ದರೆ ಅವರ ಗುರುತು ಮರಳಿನ ಮೇಲೆ ಬಿದ್ದ ಉದ್ದ ನೆರಳು ಮಾತ್ರ. ತೆಗೆದವರಿಗೆ ದಾರಿ, ಕಾರು, ಪೆಟ್ರೋಲು ನೆನಪಿರುತ್ತದೆ. ಎದುರು ನಿಂತವರಿಗೆ ಮಗುವಿಗೆ ಜ್ವರವಿತ್ತೋ, ಬುತ್ತಿಯಲ್ಲಿ ಚಿತ್ರಾನ್ನವಿತ್ತೋ ಎಂಬುದು. ಇಸವಿಯ ಮೇಲೆ ಜಗಳವಾದರೆ ಬಿಳಿ ಅಂಚಿನಲ್ಲಿ ಅಚ್ಚಾದ ತಿಂಗಳು, ವರ್ಷವನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಲ್ಯಾಬಿನಲ್ಲಿ ಪ್ರಿಂಟ್ ಹಾಕಿದ ತಿಂಗಳು. 36 ಫೋಟೊಗಳ ಒಂದು ರೋಲು ಮುಗಿಯುವವರೆಗೆ ಕ್ಯಾಮೆರಾದೊಳಗೆ ತಿಂಗಳುಗಟ್ಟಲೆ ಕೂತಿರುತ್ತಿದ್ದ ಕಾಲವದು. ಯುಗಾದಿಯ ಹೋಳಿಗೆಯೂ ಡಿಸೆಂಬರಿನ ಮರುಭೂಮಿಯೂ ಒಂದೇ ರೋಲಿನಲ್ಲಿ ಸಿಗಬಹುದು. ಕಾರಿನ ಮಾಡೆಲ್ಲು, ಮಗುವಿನ ಎತ್ತರ, ಯಾವ ಮದುವೆಗೆ ಕೊಂಡ ಸೀರೆ ಎಂಬುದು ಅಂಚಿನ ಅಚ್ಚಿಗಿಂತ ಗಟ್ಟಿ ಸಾಕ್ಷಿ. ಈ ಸಾಕ್ಷಿಗಳಲ್ಲಿ ಅರ್ಧ ಒಬ್ಬರ ಬಳಿ, ಅರ್ಧ ಇನ್ನೊಬ್ಬರ ಬಳಿ ಇರುತ್ತವೆ. ಒಬ್ಬರು ಹೊರಟುಹೋದರೆ ಅರ್ಧ ಆಲ್ಬಮ್ ಮೂಕವಾಗುತ್ತದೆ.

ಫೋಟೊದ ಗೀಳು ಕಣ್ಣೆದುರಿನ ನೋಟವನ್ನೇ ಕೆಡಿಸುತ್ತದೆ ಎನ್ನುವವರ ಮಾತಿಗೆ ಆಧಾರವಿಲ್ಲದಿಲ್ಲ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುಸಂಗ್ರಹಾಲಯದ ವಸ್ತುಗಳ ಫೋಟೊ ತೆಗೆದವರಿಗೆ ಬರಿಗಣ್ಣಲ್ಲಿ ನೋಡಿದವರಿಗಿಂತ ಕಡಿಮೆ ನೆನಪಿತ್ತು. ಆದರೆ ಅದೇ ಪ್ರಯೋಗದಲ್ಲಿ, ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. ಗಮನವಿಟ್ಟು ತೆಗೆದರೆ ನೆನಪು ಸವೆಯುವುದಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಹಳೆಯ ಫೋಟೊ ಹಿಡಿದು ಬಂಡೆಯ ಅಂಚನ್ನು ಬೆಟ್ಟದ ಕಚ್ಚಿಗೆ ಕೂಡಿಸುವಾಗ ಕಣ್ಣು ಮಾಡುವಷ್ಟು ಕೆಲಸವನ್ನು ಸುಮ್ಮನೆ ನಿಂತು ನೋಡುವಾಗ ಮಾಡುವುದಿಲ್ಲ. ಇನ್ನು ಮೊಬೈಲೇ ಜಾಗ, ದಿನಾಂಕ ಎಲ್ಲ ಬರೆದುಕೊಳ್ಳುತ್ತದಲ್ಲ ಎಂಬ ಮಾತು. ಎಲ್ಲಿ, ಯಾವಾಗ ಎಂಬುದು ಅದಕ್ಕೆ ಗೊತ್ತು. ಪಕ್ಕದಲ್ಲಿ ನಿಂತ ವೃದ್ಧೆ ಊರಿನಿಂದ ಆರು ತಿಂಗಳಿಗೆಂದು ಬಂದ ಅತ್ತೆಯೋ, ಕನ್ನಡ ಕೂಟದ ಗೆಳತಿಯ ತಾಯಿಯೋ ಎಂಬುದು ಅದಕ್ಕೆ ಗೊತ್ತಿಲ್ಲ.

ಮರುಭೂಮಿಯೂ ಶಾಶ್ವತವಲ್ಲ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು. ಯೂಟಾದ ಆರ್ಚಸ್ ರಾಷ್ಟ್ರೀಯ ಉದ್ಯಾನದ ವಾಲ್ ಆರ್ಚ್ ಎಂಬ ಕಲ್ಲಿನ ಕಮಾನು 2008ರ ಆಗಸ್ಟಿನ ಒಂದು ರಾತ್ರಿ ಕುಸಿದುಬಿತ್ತು. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿಗೆ ಮೊಹಾವಿಯ ಸೀಮಾ ಡೋಮಿನ ಸುಮಾರು 13 ಲಕ್ಷ ಜೋಶುವಾ ಮರಗಳು ಬಲಿಯಾದವೆಂದು ಅಂದಾಜು. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ, ಉಪ್ಪು ಹೆಪ್ಪುಗಟ್ಟಿದ ಬ್ಯಾಡ್‌ವಾಟರಿನಲ್ಲಿ 2023ರ ಹಿಲರಿ ಚಂಡಮಾರುತದ ಮಳೆ ತಿಂಗಳುಗಟ್ಟಲೆ ಕೆರೆಯಾಗಿ ನಿಂತಿತ್ತು. ಹೀಗಾಗಿ ಹಿನ್ನೆಲೆ ಕದಲುವುದಿಲ್ಲ ಎಂಬ ಮಾತನ್ನು ನಾನು ತುಸು ತಿದ್ದಿಕೊಳ್ಳಬೇಕು: ಬಹುಪಾಲು ಕದಲುವುದಿಲ್ಲ, ಕದಲಿದರೆ ಎದ್ದು ಕಾಣುತ್ತದೆ. ಇದರಿಂದ ವಾದ ಬೀಳುವುದಿಲ್ಲ. ಕಮಾನು ಬೀಳುವ ಮುಂಚೆ ಅದರ ಕೆಳಗೆ ನಿಂತು ತೆಗೆದ, ದಿನಾಂಕ ಬರೆದ ಸಾಧಾರಣ ಫೋಟೊ ಇವತ್ತು ಆ ಮನೆಯವರಿಗೆ ಮಾತ್ರವಲ್ಲ, ಆ ನೆಲದ ಚರಿತ್ರೆಗೂ ಬೇಕಾದ ವಸ್ತು.

ಈ ವಯಸ್ಸಿನಲ್ಲಿ ಮರುಭೂಮಿಗೆ ಹೋಗುವುದು ಅಪಾಯವಲ್ಲವೇ? ಬೇಸಗೆಯಲ್ಲಾದರೆ ಖಂಡಿತ ಅಪಾಯ. ಜಗತ್ತಿನ ಅತಿ ಹೆಚ್ಚಿನ ಉಷ್ಣಾಂಶವೆಂದು ದಾಖಲಾಗಿರುವ 56.7 ಡಿಗ್ರಿ ಸೆಲ್ಸಿಯಸ್ ಕಂಡದ್ದು ಡೆತ್ ವ್ಯಾಲಿಯ ಫರ್ನೆಸ್ ಕ್ರೀಕಿನಲ್ಲಿ, 1913ರ ಜುಲೈ 10ರಂದು. ನವೆಂಬರಿನಿಂದ ಮಾರ್ಚಿನವರೆಗೆ ಹೋದರೆ ಹಗಲು ಹಿತವಾಗಿರುತ್ತದೆ. ತಲಾ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರಿನಷ್ಟು ನೀರು ಕಾರಿನಲ್ಲಿರಲಿ. ಬಹಳ ಕಡೆ ಮೊಬೈಲ್ ಸಿಗ್ನಲ್ ಸಿಗದಿರುವುದರಿಂದ ಕಾಗದದ ನಕಾಶೆ ಇರಲಿ. ಡಾಂಬರು ರಸ್ತೆ ಬಿಟ್ಟು ಇಳಿಯುವುದು ಬೇಡ. ಹಳೆಯ ಫೋಟೊಗಳಲ್ಲಿ ಹೆಚ್ಚಿನವು ಮಕ್ಕಳಿದ್ದಾಗ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ತೆಗೆದವೇ ಆದ್ದರಿಂದ ದೂರ ನಡೆಯುವ ಪ್ರಮೇಯವೂ ಕಡಿಮೆ. 62 ವರ್ಷ ದಾಟಿದ ಪೌರರಿಗೂ ಗ್ರೀನ್ ಕಾರ್ಡಿನವರಿಗೂ ರಾಷ್ಟ್ರೀಯ ಉದ್ಯಾನಗಳ ಜೀವನಪರ್ಯಂತದ ಪಾಸ್ ಇದೆ. ಮೂಲ ಫೋಟೊಗಳನ್ನು ಮಾತ್ರ ಮನೆಯಲ್ಲೇ ಬಿಟ್ಟು ಪ್ರತಿಗಳನ್ನು ಒಯ್ಯಿರಿ. ಎಪ್ಪತ್ತರ ದಶಕದ ಬಣ್ಣದ ಪ್ರಿಂಟುಗಳಲ್ಲಿನ ಹಸಿರುನೀಲಿ ವರ್ಣದ್ರವ್ಯ ಕತ್ತಲೆಯಲ್ಲಿಟ್ಟರೂ ಸವೆಯುತ್ತದೆ, ಬಿಸಿಯಾದಷ್ಟೂ ಬೇಗ. ಆ ಕಾಲದ ಮುಖಗಳೆಲ್ಲ ಕೆಂಪಾಗಿ ಕಾಣುವುದು ಇದರಿಂದಲೇ. ಕೊಡಾಕ್ರೋಮ್ ಸ್ಲೈಡುಗಳಿದ್ದವರು ಅದೃಷ್ಟವಂತರು, ಕತ್ತಲೆಯಲ್ಲಿಟ್ಟರೆ ಅವುಗಳ ಬಣ್ಣ ಚೆನ್ನಾಗಿ ನಿಲ್ಲುತ್ತದೆ.

ಕೊನೆಯ ಆಕ್ಷೇಪ ಮಕ್ಕಳದು, ಅಥವಾ ಮಕ್ಕಳ ಪರವಾಗಿ ನಾವೇ ಊಹಿಸಿಕೊಂಡದ್ದು: ಅವರಿಗೆ ಇದೆಲ್ಲ ಬೇಡ. ಎರಡು ಸಾವಿರ ಫೋಟೊಗಳ ಡಬ್ಬ ಯಾರಿಗೂ ಬೇಡ, ಅದು ನಿಜ. ಹೆಸರು, ಜಾಗ, ವರ್ಷ ಬರೆದ ನಲವತ್ತು ಫೋಟೊಗಳನ್ನು ಬೇಡವೆನ್ನುವವರು ಕಡಿಮೆ. ಬರೆಯುವಾಗ ನಮ್ಮ ಭಾಷೆಯ ಒಂದು ಗುಣವೇ ಕಾಲಿಗೆ ತೊಡರುತ್ತದೆ. ನಾವು ಹೆಸರಿನ ಜಾಗದಲ್ಲಿ ಸಂಬಂಧ ಬರೆಯುತ್ತೇವೆ: ಅಮ್ಮ, ಚಿಕ್ಕಪ್ಪ, ದೊಡ್ಡತ್ತೆ, ಭಾವ. ಯಾರ ಅಮ್ಮ? ಬರೆದ ಕೈ ಯಾರದೆಂದು ಮರೆತ ದಿನ ಆ ಪದ ಯಾರನ್ನೂ ತೋರಿಸುವುದಿಲ್ಲ. ಪೂರ್ತಿ ಹೆಸರು, ಊರು, ಆಮೇಲೆ ಸಂಬಂಧ, ಕೆಳಗೆ ಬರೆದವರ ಹೆಸರು. ಕನ್ನಡ ಓದಲು ಬಾರದ ಮೊಮ್ಮಕ್ಕಳಿದ್ದರೆ ಇಂಗ್ಲಿಷಿನಲ್ಲೂ ಒಂದು ಸಾಲು. ಅಂಟು ಹಾಳೆಯ ಆಲ್ಬಮ್ಮುಗಳಿಂದ ಫೋಟೊಗಳನ್ನು ಮೆಲ್ಲಗೆ ಬಿಡಿಸಿ, ಬಾರದಿದ್ದರೆ ಹಾಳೆಯ ಸಮೇತ ಸ್ಕ್ಯಾನ್ ಮಾಡಿಸಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಖದ ಮೇಲೆ ಗೆರೆಯಾಗಿ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಬೆನ್ನು ಪ್ಲಾಸ್ಟಿಕ್ಕಿನಂತೆ ನುಣುಪಾಗಿದ್ದರೆ ಫೋಟೊಗೆಂದೇ ಮಾರುವ ಮಾರ್ಕರು ಕೊಳ್ಳಿ. ಈ ಚಳಿಗಾಲಕ್ಕೆ ಡಬ್ಬದಿಂದ ಹತ್ತೇ ಹತ್ತು ಫೋಟೊ ಆರಿಸಿ, ಅವುಗಳ ಪ್ರತಿ ತೆಗೆಸಿ, ಇಬ್ಬರೂ ಕಾರು ಹತ್ತಿ. ಬೆನ್ನ ಮೇಲೆ ಬರೆಯುವ ಕೆಲಸವನ್ನು ಮನೆಗೆ ಬಂದ ದಿನವೇ ಮುಗಿಸಿ, ಮಾರನೆಯ ದಿನಕ್ಕೆ ಇಡಬೇಡಿ.