ಹಳೆಯ ಕಂಪ್ಯೂಟರಿಗೆ ಹಾಕುವ ದುಡ್ಡು: ಜೊತೆಗೆ ಬರುವುದೆಷ್ಟು, ಅಲ್ಲೇ ಉಳಿಯುವುದೆಷ್ಟು

ಮನೆಯಲ್ಲಿರುವ ಹಳೆಯ ಕಂಪ್ಯೂಟರನ್ನು ಭಾರಿ ವಿಡಿಯೊ ಗೇಮೊಂದಕ್ಕೆ ಸಜ್ಜುಗೊಳಿಸುವ ಖರ್ಚನ್ನು ಒಂದೇ ಮೊತ್ತವಾಗಿ ನೋಡುವುದು ರೂಢಿ. ಇಷ್ಟು ಸಾವಿರ ಹಾಕಿದರೆ ಆಟ ಓಡುತ್ತದೆಯೇ ಇಲ್ಲವೇ ಎಂಬಲ್ಲಿಗೆ ಲೆಕ್ಕ ಮುಗಿಯುತ್ತದೆ. ಆದರೆ ಕಂಪ್ಯೂಟರ್ ಬಿಡಿಭಾಗಗಳ ಜೋಡಣೆಯಾದುದರಿಂದ ಅದಕ್ಕೆ ಹಾಕುವ ಹಣವೂ ಎರಡು ಬಗೆಯದಾಗುತ್ತದೆ: ಮುಂದೆ ಯಂತ್ರ ಬದಲಾಯಿಸುವಾಗ ಕಳಚಿಕೊಂಡು ಹೊಸದಕ್ಕೆ ಹಾಕಿಕೊಳ್ಳಬಹುದಾದ ಭಾಗಗಳಿಗೆ ಹೋದದ್ದು ಒಂದು, ಹಳೆಯ ಯಂತ್ರದೊಡನೆಯೇ ಮೂಲೆ ಸೇರುವ ಭಾಗಗಳಿಗೆ ಹೋದದ್ದು ಇನ್ನೊಂದು. ಮೊದಲನೆಯದನ್ನು ಸಾಗುವ ಖರ್ಚು ಎಂದೂ ಎರಡನೆಯದನ್ನು ನಿಲ್ಲುವ ಖರ್ಚು ಎಂದೂ ಇಲ್ಲಿ ಕರೆಯಲಾಗಿದೆ. ಆಂಧ್ರದ ಗಡಿ ಊರಾದ ಹಿಂದೂಪುರದ ಮಗ್ಗುಲಿನ ಪರಿಗಿಯಲ್ಲಿ, ರೇಷ್ಮೆಗೂಡಿನ ಆದಾಯವನ್ನು ನೆಚ್ಚಿಕೊಂಡಿರುವ ಈ ಅಂಕಣಕಾರರ ಮನೆಯಲ್ಲಿ 2024 ಮತ್ತು 2025ರಲ್ಲಿ ನಡೆದ ಇಂಥದೊಂದು ಸುಧಾರಣೆಯ ಲೆಕ್ಕವೇ ಮುಂದಿನ ಮಾತುಗಳಿಗೆ ಆಧಾರ.

ಪರಿಗಿ, ಹಿಂದೂಪುರ, ಮಡಕಶಿರಾದ ಕಡೆಯ ಮನೆಗಳಲ್ಲಿ ಕಾಣಸಿಗುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಅನೇಕವು ಅಂಗಡಿಯಲ್ಲಿ ಹೊಸದಾಗಿ ಕೊಂಡವಲ್ಲ. ಬೆಂಗಳೂರಿನ ಕಂಪನಿಗಳು ಒಟ್ಟಾಗಿ ವಿಲೇವಾರಿ ಮಾಡಿದ ಕಚೇರಿ ಯಂತ್ರಗಳು ಎಸ್.ಪಿ. ರೋಡ್ ಎಂದೇ ಎಲ್ಲರ ಬಾಯಲ್ಲಿರುವ ಸಾದರ ಪತ್ರಪ್ಪ ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬಂದು, ಅಲ್ಲಿಂದ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟುವ ರೈಲಿನಲ್ಲಿ ಹಿಂದೂಪುರದವರೆಗೆ ಬಂದಿಳಿದಂಥವು. ಅಂಕಣಕಾರರ ಮನೆಯದೂ ಅದೇ ಬಗೆಯದು: 2013ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಕೋರ್ ಐ5-4570 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗೂಡಿನ ಲೆಕ್ಕ ಬರೆಯಲು, ಅರ್ಜಿ ತುಂಬಲು, ಸಿನಿಮಾ ನೋಡಲು ಧಾರಾಳವಾಗಿ ಸಾಲುತ್ತಿದ್ದ ಈ ಯಂತ್ರದ ಮೇಲೆ ಬಿ.ಟೆಕ್ ಓದುವ ಮಗ ಸೈಬರ್‌ಪಂಕ್ 2077 ಎಂಬ ಆಟವನ್ನು ಓಡಿಸಬೇಕೆಂದು ಹೊರಟಾಗ ಪ್ರಶ್ನೆ ಎದ್ದಿತು.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿದ, ವಯಸ್ಕರಿಗೆಂದೇ ವರ್ಗೀಕೃತವಾದ ಈ ಆಟದ ವಿಶೇಷವೆಂದರೆ ಅದರ ಬೇಡಿಕೆಯೇ ನಡುವೆ ಬದಲಾದದ್ದು. ಬಿಡುಗಡೆಯ ಹೊತ್ತಿಗೆ ಮೂರನೇ ತಲೆಮಾರಿನ ಐ5 ಪ್ರೊಸೆಸರ್, ಎಂಟು ಜಿಬಿ ರ‍್ಯಾಮ್ ಮತ್ತು ಸಾಧಾರಣ ಹಾರ್ಡ್ ಡಿಸ್ಕ್ ಸಾಕೆಂದು ಸಂಸ್ಥೆ ಹೇಳಿತ್ತು. 2023ರ ಸೆಪ್ಟೆಂಬರಿನಲ್ಲಿ 2.0 ಆವೃತ್ತಿ ಬಂದಾಗ ಕನಿಷ್ಠ ಮಟ್ಟ ಐ7-6700, 12 ಜಿಬಿ ರ‍್ಯಾಮ್, ಆರು ಜಿಬಿಯ ಜಿಟಿಎಕ್ಸ್ 1060 ಕಾರ್ಡು ಮತ್ತು 70 ಜಿಬಿ ಜಾಗವಿರುವ ಎಸ್‌ಎಸ್‌ಡಿಗೆ ಏರಿತು. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಮಾಹಿತಿಯನ್ನಿಟ್ಟು ಬೇಗ ಬೇಗನೆ ಒದಗಿಸುವ ಸಂಗ್ರಾಹಕ. ಇದರಿಂದ ತಿಳಿಯಬೇಕಾದದ್ದು ಇಷ್ಟೇ: ಕನಿಷ್ಠ ಅರ್ಹತೆಯ ಪಟ್ಟಿಯನ್ನು ಅಷ್ಟಕ್ಕಷ್ಟೇ ಮುಟ್ಟುವಂತೆ ಕೊಂಡ ಯಂತ್ರ, ಆಟಗಾರ ಏನನ್ನೂ ಬದಲಾಯಿಸದಿದ್ದರೂ, ಒಂದು ಬೆಳಿಗ್ಗೆ ಅನರ್ಹವಾಗಬಲ್ಲದು.

ಸುಧಾರಣೆಯಲ್ಲಿ ಮೊದಲು ನೋಡಬೇಕಾದ ಭಾಗ, ಎಲ್ಲರೂ ಕೊನೆಗೆ ನೋಡುವ ಭಾಗ, ಪವರ್ ಸಪ್ಲೈ. ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟಿನ ಕರೆಂಟಾಗಿ ಬದಲಿಸುವ ಈ ತಗಡಿನ ಪೆಟ್ಟಿಗೆಯ ಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ದಪ್ಪಕ್ಷರದ ಒಟ್ಟು ವ್ಯಾಟ್‌ಗಿಂತ ಮುಖ್ಯವಾದದ್ದು 12 ವೋಲ್ಟಿನ ಸಾಲಿನ ಎದುರಿಗಿರುವ ಆಂಪಿಯರ್ ಸಂಖ್ಯೆ, ಏಕೆಂದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡು ಬಹುಪಾಲು ಅಲ್ಲಿಂದಲೇ ಕರೆಂಟು ಎಳೆಯುತ್ತವೆ. ಕಚೇರಿಗೆಂದು ತಯಾರಾದ ಪೆಟ್ಟಿಗೆಯನ್ನು ಬಿಚ್ಚಿ, ರೇಷ್ಮೆಮನೆಯ ಧೂಳು ಮೆತ್ತಿಕೊಂಡಿದ್ದ ಫ್ಯಾನನ್ನು ಒರೆಸಿ ನೋಡಿದಾಗ ಎರಡು ಸಂಗತಿಗಳು ಕಂಡವು: ಒಟ್ಟು ಶಕ್ತಿ 300 ವ್ಯಾಟಿಗೂ ಕಡಿಮೆ, ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಡುವ ಪ್ರತ್ಯೇಕ ವೈರು ಒಂದೂ ಇಲ್ಲ. ಅದಕ್ಕಿಂತ ತೊಡಕಿನದು ಮದರ್‌ಬೋರ್ಡಿಗೆ, ಅಂದರೆ ಎಲ್ಲ ಭಾಗಗಳೂ ಕೂಡಿಕೊಳ್ಳುವ ಮೂಲ ಹಲಗೆಗೆ, ಹೋಗುವ ಕನೆಕ್ಟರ್. ಮಾರುಕಟ್ಟೆಯ ಸಾಮಾನ್ಯ ಪವರ್ ಸಪ್ಲೈಯಲ್ಲಿ 24 ಪಿನ್ನಿನ ಅಗಲವಾದ ಕನೆಕ್ಟರ್ ಇದ್ದರೆ ಇಲ್ಲಿದ್ದದ್ದು ಎಂಟೇ ಪಿನ್ನಿನದು. ಬ್ರ್ಯಾಂಡಿನ ಕಚೇರಿ ಯಂತ್ರಗಳಲ್ಲಿ ಇಂಥ ಸ್ವಂತ ವಿನ್ಯಾಸ ಬಹಳ ಸಾಮಾನ್ಯ. ಇವೆರಡನ್ನು ಕೂಡಿಸುವ ಅಡಾಪ್ಟರ್ ವೈರು ಸಿಗುತ್ತದೆ, ಬೆಲೆಯೂ ನೂರುಗಳಲ್ಲೇ ಮುಗಿಯುತ್ತದೆ. ಆದರೆ ಅದರ ಇರವೇ ತಿಳಿಯದವರು ಹೊಸ ಪವರ್ ಸಪ್ಲೈ ತಂದು, ಹೊಂದದೆಂದು ಮದರ್‌ಬೋರ್ಡನ್ನೂ ಬದಲಾಯಿಸಿ, ಹೊಂದದೆಂದು ಕ್ಯಾಬಿನೆಟ್ಟನ್ನೂ ಕೊಂಡು, ಐದು ಸಾವಿರದ ಕೆಲಸವನ್ನು ಮೂವತ್ತು ಸಾವಿರಕ್ಕೆ ಏರಿಸಿಕೊಳ್ಳುವುದುಂಟು.

ಗ್ರಾಫಿಕ್ಸ್ ಕಾರ್ಡು ಪರದೆಯ ಮೇಲಿನ ಚಿತ್ರವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ಬಿಡಿಸುವ ಭಾಗ. ಆಟಕ್ಕೆಂದು ಮಾಡುವ ಖರ್ಚಿನ ದೊಡ್ಡ ಪಾಲು ಹೋಗುವುದೂ ಇಲ್ಲಿಗೇ. ಸೆಕೆಂಡ್ ಹ್ಯಾಂಡ್ ಕಾರ್ಡುಗಳ ಇಂದಿನ ಮಾರುಕಟ್ಟೆಯ ಹಿಂದೆ ಒಂದು ಕತೆಯಿದೆ. 2021ರ ಹೊತ್ತಿಗೆ ಈಥೀರಿಯಂ ಎಂಬ ಕ್ರಿಪ್ಟೊ ನಾಣ್ಯವನ್ನು ಗಳಿಸಲು ಕಾರ್ಡುಗಳನ್ನು ಹಗಲಿರುಳು ದುಡಿಸುತ್ತಿದ್ದವರಿಂದಾಗಿ ಅವುಗಳ ಬೆಲೆ ಮುಗಿಲು ಮುಟ್ಟಿತ್ತು; 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ವ್ಯವಸ್ಥೆಯನ್ನೇ ಬದಲಿಸಿ ಆ ಬಗೆಯ ದುಡಿಮೆಯನ್ನು ಅನಗತ್ಯಗೊಳಿಸಿದ ಮೇಲೆ ಅವೇ ಕಾರ್ಡುಗಳು ರಾಶಿರಾಶಿಯಾಗಿ ಹಳೆಯ ಸಾಮಾನಿನ ಪೇಟೆಗೆ ಬಂದವು. ಹೀಗೆ ದುಡಿದ ಕಾರ್ಡುಗಳೆಲ್ಲ ಕೆಟ್ಟವೆಂದೇನೂ ಅಲ್ಲ, ಆದರೆ ಫ್ಯಾನು ಸವೆದಿರುವ ಸಂಭವ ಹೆಚ್ಚು. ಆದ್ದರಿಂದ ಅಂಗಡಿಯಲ್ಲೇ ಕಾರ್ಡನ್ನು ಹಾಕಿಸಿ, ಪೂರ್ಣ ಹೊರೆ ಕೊಡುವ ಪರೀಕ್ಷಾ ಪ್ರೋಗ್ರಾಮನ್ನು ಕಾಲು ಗಂಟೆ ಓಡಿಸಿ, ಉಷ್ಣತೆ ಒಂದು ಮಟ್ಟದಲ್ಲಿ ನಿಲ್ಲುವುದೋ ಏರುತ್ತಲೇ ಹೋಗುವುದೋ ಎಂದು ನೋಡುವುದು, ಜಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಕಾರ್ಡಿನ ನಿಜವಾದ ಹೆಸರು ಮೆಮೊರಿಗಳನ್ನು ತಾಳೆ ನೋಡುವುದು, ವಾರಂಟಿ ಉಳಿದಿದೆ ಎಂದರೆ ಅದು ಸೀರಿಯಲ್ ನಂಬರಿನ ಮೇಲಿದೆಯೋ ಮೂಲ ಬಿಲ್ಲಿನ ಮೇಲಿದೆಯೋ ಎಂದು ಕೇಳುವುದು, ಇಷ್ಟನ್ನು ಮಾಡದೆ ಹಣ ಎಣಿಸಬಾರದು. ಪರೀಕ್ಷೆಗೆ ಒಲ್ಲೆ ಎನ್ನುವ ಅಂಗಡಿಯಲ್ಲಿ ಬೆಲೆ ಎಷ್ಟು ಕಡಿಮೆಯಾದರೂ ವ್ಯವಹಾರ ಬೇಡ.

ಹೊಸದು ಎಂಬ ಒಂದೇ ಕಾರಣಕ್ಕೆ ಕೊಳ್ಳುವುದರಲ್ಲೂ ಅಪಾಯವಿದೆ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ಅಗ್ಗವಾಗಿ ಸಿಗುತ್ತಿತ್ತು. ಆದರೆ ಅದರ ಮೆಮೊರಿ ನಾಲ್ಕೇ ಜಿಬಿ, ಜೊತೆಗೆ ಮದರ್‌ಬೋರ್ಡಿನೊಂದಿಗೆ ಮಾತಾಡಲು ಅದು ಬಳಸುವುದು ನಾಲ್ಕೇ ಮಾಹಿತಿ ದಾರಿಗಳನ್ನು. ಹೊಸ ಬೋರ್ಡಿನಲ್ಲಿ ಆ ದಾರಿಗಳು ವೇಗವಾಗಿರುವುದರಿಂದ ಕೊರತೆ ಅಷ್ಟಾಗಿ ಕಾಣದು. 2013ರ ಬೋರ್ಡಿನಲ್ಲಿ ದಾರಿಯ ವೇಗ ಅರ್ಧಕ್ಕಿಳಿದು ಕಾರ್ಡು ಏದುಸಿರು ಬಿಡುತ್ತದೆ. ಹಾಗಾಗಿ 2019ರ ಜಿಟಿಎಕ್ಸ್ 1660 ಸೂಪರ್ ಕಾರ್ಡನ್ನು, ಅಂದರೆ ಆರು ಜಿಬಿ ಮೆಮೊರಿಯ, 125 ವ್ಯಾಟ್ ಎಳೆಯುವ, ತಯಾರಕರೇ 450 ವ್ಯಾಟಿನ ಪವರ್ ಸಪ್ಲೈ ಸಾಕೆಂದು ಹೇಳುವ ಕಾರ್ಡನ್ನು, ಸೆಕೆಂಡ್ ಹ್ಯಾಂಡಿನಲ್ಲಿ ತರಲಾಯಿತು.

2024ರ ಖರ್ಚು ಹೀಗಿತ್ತು: ಕಾರ್ಡಿಗೆ ₹9,000, ಹೊಸ ಪವರ್ ಸಪ್ಲೈಗೆ ₹4,100, 500 ಜಿಬಿ ಎಸ್‌ಎಸ್‌ಡಿಗೆ ₹3,400. ಈ ₹16,500 ಸಾಗುವ ಖರ್ಚು. ಹಳೆಯ ಡಿಡಿಆರ್3 ಬಗೆಯ ರ‍್ಯಾಮ್ ಇನ್ನೂ ಎಂಟು ಜಿಬಿಗೆ ₹800, ಅಡಾಪ್ಟರ್ ವೈರಿಗೆ ₹400. ಈ ₹1,200 ನಿಲ್ಲುವ ಖರ್ಚು, ಏಕೆಂದರೆ ಡಿಡಿಆರ್3 ಪಟ್ಟಿ ಡಿಡಿಆರ್4 ಅಥವಾ ಡಿಡಿಆರ್5 ಬೋರ್ಡಿನ ಸೀಳಿನಲ್ಲಿ ಕೂರುವುದೇ ಇಲ್ಲ. ಅಂಗಡಿಯವರು ಅದೇ ಬೋರ್ಡಿಗೆ ಹೊಂದುವ ಐ7-4770 ಪ್ರೊಸೆಸರನ್ನು ₹4,500ಕ್ಕೆ ಕೊಡುವುದಾಗಿ ಹೇಳಿದ್ದರು. ಎಂಟು ಥ್ರೆಡ್‌ಗಳ, ಅಂದರೆ ಏಕಕಾಲಕ್ಕೆ ಎಂಟು ಕೆಲಸದ ಎಳೆಗಳನ್ನು ಹಿಡಿಯಬಲ್ಲ, ಆ ಪ್ರೊಸೆಸರಿನಿಂದ ಆಟಕ್ಕೆ ಅನುಕೂಲವಿದ್ದದ್ದು ನಿಜ. ಆದರೆ ಅದನ್ನು ಕೊಂಡಿದ್ದರೆ ನಿಲ್ಲುವ ಖರ್ಚು ₹5,700ಕ್ಕೆ, ಒಟ್ಟು ಖರ್ಚಿನ ಕಾಲು ಭಾಗಕ್ಕೂ ಮಿಗಿಲಾಗಿ, ಏರುತ್ತಿತ್ತು. ಅದನ್ನು ಬೇಡವೆನ್ನಲಾಯಿತು.

ಬೇಡವೆಂದದ್ದಕ್ಕೆ ತೆರಬೇಕಾದ ಬೆಲೆಯೂ ಇತ್ತು. ಆಟ ಓಡಿತು, ಆದರೆ ಜನಜಂಗುಳಿಯ ಬೀದಿಗೆ ಬಂದ ಕೂಡಲೇ ಮುಗ್ಗರಿಸಿತು. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ನಾಲ್ಕು ಥ್ರೆಡ್‌ಗಳ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದ್ದರೆ ಕಾರ್ಡು ಅರ್ಧ ಶಕ್ತಿಯಲ್ಲಿ ಕಾಯುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಈ ಸ್ಥಿತಿಯಲ್ಲಿ ಚಿತ್ರದ ಗುಣಮಟ್ಟವನ್ನು ತಗ್ಗಿಸಿ ಪ್ರಯೋಜನವಿಲ್ಲ, ಏಕೆಂದರೆ ಅದು ಹಗುರಗೊಳಿಸುವುದು ಬಿಡುವಾಗಿರುವ ಕಾರ್ಡನ್ನೇ. ಆಟದೊಳಗಿನ ಜನಸಂದಣಿಯನ್ನು ಕಡಿಮೆ ಮಾಡುವ ಆಯ್ಕೆ ಪ್ರೊಸೆಸರಿನ ಹೊರೆ ಇಳಿಸುತ್ತದೆ, ಅದನ್ನು ಮಾಡಿದ ಮೇಲೆ ಆಟ ಸಹಿಸುವಂತಾಯಿತು. ಇಂಥ ಪರೀಕ್ಷೆಗೆ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯ ನಿಯಮವೊಂದು ನೆರವಾಗುತ್ತದೆ: ಕೊಂಡ 14 ದಿನಗಳೊಳಗೆ, ಆಡಿದ ಸಮಯ ಎರಡು ಗಂಟೆ ಮೀರದಿದ್ದರೆ, ಹಣ ವಾಪಸು ಕೇಳಬಹುದು. ₹2,999ರ ಆಟವನ್ನು ರಿಯಾಯಿತಿ ಕಾಲದಲ್ಲಿ ಕೊಂಡು, ಎರಡು ಗಂಟೆಯೊಳಗೆ ಯಂತ್ರದ ಕೊರತೆ ಎಲ್ಲಿದೆಯೆಂದು ಅಳೆದು, ಬೇಕಿದ್ದರೆ ಹಿಂದಿರುಗಿಸುವುದಕ್ಕಿಂತ ಅಗ್ಗದ ಪರೀಕ್ಷೆ ಬೇರೊಂದಿಲ್ಲ.

ಹಂತಹಂತವಾಗಿ ಕೊಳ್ಳುವ ಈ ಕ್ರಮ ಗೂಡು ಬೆಳೆಯುವ ಮನೆಗೆ ಸಹಜವಾಗಿ ಒಗ್ಗುತ್ತದೆ. ಹುಳು ಗೂಡು ಕಟ್ಟಲು ನಾಲ್ಕು ವಾರ ಸಾಕಾದರೂ, ಆ ಬೆಳೆ ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ಯಾವ ದರಕ್ಕೆ ಹೋಗುವುದೆಂದು ಹರಾಜಿನ ಹೊತ್ತಿನವರೆಗೂ ಗೊತ್ತಾಗದು. ರೋಗ ಬಂದರೆ ಇಡೀ ಬೆಳೆಯೇ ಇಲ್ಲ. ಇಂಥ ಆದಾಯಕ್ಕೆ ಪ್ರತಿ ತಿಂಗಳೂ ಅದೇ ತಾರೀಕಿಗೆ ಬಂದು ನಿಲ್ಲುವ ಕಂತು ಹೊಂದುವುದಿಲ್ಲ. ಬಡ್ಡಿಯಿಲ್ಲದ ಕಂತು ಎಂಬ ಜಾಹೀರಾತಿನಲ್ಲೂ ಪೂರ್ತಿ ಸತ್ಯವಿಲ್ಲ: ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ, ಮಾರಾಟಗಾರರು ಅಷ್ಟನ್ನು ಬೆಲೆಯಲ್ಲಿ ಮೊದಲೇ ಕಳೆಯುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಶೇಕಡ 18ರ ಜಿಎಸ್‌ಟಿಯನ್ನೂ ಸಂಸ್ಕರಣಾ ಶುಲ್ಕವಿದ್ದರೆ ಅದನ್ನೂ ಕೊಳ್ಳುವವರೇ ಕಟ್ಟಬೇಕು. ಒಂದು ಬೆಳೆಗೆ ಒಂದು ಭಾಗ ಎಂಬ ಲೆಕ್ಕದಲ್ಲಿ ಸಾಲವೇ ಇಲ್ಲ.

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆ ಗಡಿಯವರಿಗೆ ಹಿಂದೆ ತೆರಿಗೆಯ ಪ್ರಶ್ನೆಯೂ ಆಗಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಬಿಡಿಭಾಗಗಳಿಗೆ ಆಂಧ್ರದಲ್ಲೂ ಕರ್ನಾಟಕದಲ್ಲೂ ಶೇಕಡ 18ರ ಒಂದೇ ದರ. ಉಳಿದಿರುವುದು ಪೈಪೋಟಿಯ ಬೆಲೆ ಮತ್ತು ವಾರಂಟಿಯ ಓಡಾಟ. ಎಸ್.ಪಿ. ರೋಡಿನಲ್ಲಿ ಆಯ್ಕೆ ಹೆಚ್ಚು, ಚೌಕಾಸಿಗೆ ಎಡೆಯುಂಟು, ಸೆಕೆಂಡ್ ಹ್ಯಾಂಡ್ ಕಾರ್ಡಿಗಂತೂ ಅಲ್ಲಿಗೇ ಹೋಗಬೇಕು. ಆದರೆ ಕೆಟ್ಟರೆ ಹಿಂದಕ್ಕೆ ಒಯ್ಯಬೇಕಾದ ಪವರ್ ಸಪ್ಲೈಯಂಥದ್ದನ್ನು ಮುನ್ನೂರು ನಾನೂರು ಹೆಚ್ಚು ಕೊಟ್ಟಾದರೂ ಹಿಂದೂಪುರದ ಅಂಗಡಿಯಲ್ಲೇ ಪಕ್ಕಾ ಬಿಲ್ಲಿನೊಂದಿಗೆ ಕೊಳ್ಳುವುದು ಲಾಭ. ಬೆಂಗಳೂರಿಗೆ ಒಮ್ಮೆ ಹೋಗಿಬರುವ ರೈಲು, ಊಟ, ಒಂದು ದಿನದ ಕೂಲಿಯನ್ನು ಸೇರಿಸಿದರೆ ಆ ಉಳಿತಾಯ ಕರಗಿಹೋಗುತ್ತದೆ.

2025ರ ಆರಂಭದಲ್ಲಿ ಎರಡನೇ ಹಂತ ನಡೆಯಿತು. ಆರು ಕೋರ್, ಹನ್ನೆರಡು ಥ್ರೆಡ್‌ಗಳ ರೈಜೆನ್ 5 5600 ಪ್ರೊಸೆಸರಿಗೆ ₹10,500, ಅದಕ್ಕೊಪ್ಪುವ ಮದರ್‌ಬೋರ್ಡಿಗೆ ₹6,000, 16 ಜಿಬಿ ಡಿಡಿಆರ್4 ರ‍್ಯಾಮಿಗೆ ₹3,100, ಕ್ಯಾಬಿನೆಟ್ಟಿಗೆ ₹2,400, ಒಟ್ಟು ₹22,000. ಕಾರ್ಡು, ಪವರ್ ಸಪ್ಲೈ, ಎಸ್‌ಎಸ್‌ಡಿ ಹಳೆಯ ಪೆಟ್ಟಿಗೆಯಿಂದ ಕಳಚಿ ಹೊಸದಕ್ಕೆ ಬಂದವು. ಎರಡೂ ಹಂತ ಸೇರಿ ₹39,700. ಇವೇ ಭಾಗಗಳನ್ನು ಇದೇ ದರದಲ್ಲಿ ಒಂದೇ ಸಲ ಕೊಂಡಿದ್ದರೆ ₹38,500 ಆಗುತ್ತಿತ್ತು. ಸಾಲವಿಲ್ಲದೆ, ಒಂದು ವರ್ಷ ಮೊದಲೇ ಆಟ ಆರಂಭಿಸಿದ್ದಕ್ಕೆ ತೆತ್ತದ್ದು ಆ ₹1,200 ಮಾತ್ರ.

ಕಾಯುವುದು ಯಾವಾಗಲೂ ಅಗ್ಗ ಎಂದು ಇದರಿಂದ ತೀರ್ಮಾನಿಸಲಾಗದು. ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ವೇಳೆಗೆ ರ‍್ಯಾಮಿನ ಬೆಲೆ ಎರಡು ಪಟ್ಟು ದಾಟಿತು. ಮೈಕ್ರಾನ್ ಸಂಸ್ಥೆ ಮನೆ ಬಳಕೆಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಅದೇ ಡಿಸೆಂಬರಿನಲ್ಲಿ ಘೋಷಿಸಿತು. ಎರಡನೇ ಹಂತವನ್ನು ಇನ್ನೊಂದು ವರ್ಷ ಮುಂದೂಡಿದವರಿಗೆ ಮೇಲಿನ ಲೆಕ್ಕ ತಲೆಕೆಳಗಾಗಿರುತ್ತದೆ. ಹಂತಗಳ ನಡುವಿನ ಅಂತರ ಒಂದು ವರ್ಷ ಮೀರದಿರಲಿ ಎಂಬುದು ಈ ಮನೆಯ ಅನುಭವದಿಂದ ಹೇಳಬಹುದಾದ ಮಾತು.

ತಿಂಗಳ ಖರ್ಚಿನ ವಿಷಯದಲ್ಲಿ ಜನ ಹೆದರುವಷ್ಟು ಕಾರಣವಿಲ್ಲ. ಆಡುವಾಗ ಯಂತ್ರ 250 ವ್ಯಾಟ್ ಎಳೆಯುವುದೆಂದಿಟ್ಟುಕೊಂಡರೆ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 22.5 ಯೂನಿಟ್, ಆಂಧ್ರದ ಗೃಹಬಳಕೆಯ ದರದಲ್ಲಿ 126ರಿಂದ 225 ಯೂನಿಟ್‌ವರೆಗಿನ ಹಂತಕ್ಕೆ ಯೂನಿಟ್ಟಿಗೆ ₹6 ಆಗುವುದರಿಂದ ಹೆಚ್ಚುವರಿ ಬಿಲ್ಲು ₹135ರ ಆಸುಪಾಸು, ಅದರ ಮೇಲಿನ ಹೊಂದಾಣಿಕೆ ಶುಲ್ಕಗಳು ಬೇರೆ. ಬಳಕೆ 225 ಯೂನಿಟ್ ದಾಟುವ ಮನೆಗಳಲ್ಲಿ ಮಾತ್ರ ಮುಂದಿನ ಹಂತದ ₹8.75ರ ದರವನ್ನು ಲೆಕ್ಕಕ್ಕೆ ಹಿಡಿಯಬೇಕು.

ಹಳೆಯ ಪೆಟ್ಟಿಗೆಯನ್ನು ಮಾರಿ ಒಂದಿಷ್ಟು ಹಿಂದಕ್ಕೆ ಪಡೆಯುವ ಆಸೆಯನ್ನು ಲೆಕ್ಕದಲ್ಲಿ ಸೇರಿಸದಿರುವುದು ಒಳಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅನಂತರದ ಪ್ರೊಸೆಸರನ್ನು. ನಾಲ್ಕನೇ ತಲೆಮಾರಿನ ಐ5ಗೆ ಹೀಗಾಗಿ ಕೊಳ್ಳುವವರಿಲ್ಲ. ಹಳೆಯ ಹಾರ್ಡ್ ಡಿಸ್ಕಿಗೆ ವಿಂಡೋಸಿನ ಬದಲು ಲಿನಕ್ಸ್ ಹಾಕಿಸಿಕೊಂಡ ಆ ಯಂತ್ರದಲ್ಲಿ ಈಗ ಗೂಡಿನ ಲೆಕ್ಕ ಮುಂದುವರಿದಿದೆ, ತನ್ನ ಮೂಲ ಪವರ್ ಸಪ್ಲೈಯೊಂದಿಗೆ. ₹800ರ ಆ ಹೆಚ್ಚುವರಿ ರ‍್ಯಾಮ್ ಕೂಡ ಅದರಲ್ಲೇ ಇದೆ.