ಎಡಿಎಚ್‌ಡಿ ಇರುವ ಮಗುವಿನ ದಿನ ಹೇಗಿರುತ್ತದೆ?

"ಕೂತಲ್ಲಿ ಕೂರುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ, ಬರೆಯಲು ಕೂಡಿಸಿದರೆ ಎರಡು ಸಾಲಿಗೇ ಎದ್ದು ಓಡುತ್ತಾನೆ" ಎಂದು ಮಕ್ಕಳನ್ನು ಆಸ್ಪತ್ರೆಗೆ ಕರೆತರುವ ತಾಯಂದಿರು ಬಹಳ. ಮುದ್ದು ಹೆಚ್ಚಾಗಿ ಕೆಟ್ಟಿದ್ದಾನೆ ಎನ್ನುವುದು ತಂದೆಯ ಮಾತು. ಜೊತೆಗೆ ಬಂದ ಅಜ್ಜಿ, "ಇವರಪ್ಪನೂ ಸಣ್ಣವನಿದ್ದಾಗ ಹೀಗೇ ಇದ್ದ" ಎನ್ನುತ್ತಾರೆ. ಇಷ್ಟೆಲ್ಲ ಮಾತಿನ ನಡುವೆ, ನಿನಗೆ ಹೇಗೆ ಅನಿಸುತ್ತದೆ ಎಂದು ಮಗುವನ್ನು ಕೇಳುವವರು ಕಡಿಮೆ.

ಮಕ್ಕಳೆಂದ ಮೇಲೆ ತುಂಟತನ ಇದ್ದೇ ಇರುತ್ತದೆ, ಅದು ಕಾಯಿಲೆಯಲ್ಲ. ಆದರೆ ಕೆಲವು ಮಕ್ಕಳಲ್ಲಿ ಗಮನ ನಿಲ್ಲದಿರುವುದು, ಅತಿಯಾದ ಓಡಾಟ, ಯೋಚಿಸುವ ಮೊದಲೇ ಮಾಡಿಬಿಡುವ ಆತುರ ಇವು ವಯಸ್ಸಿಗೆ ಮೀರಿ ಇರುತ್ತವೆ. ಮನೆ, ಶಾಲೆ ಎರಡೂ ಕಡೆ ಕಾಣುತ್ತವೆ, 6 ತಿಂಗಳಾದರೂ ಕಡಿಮೆಯಾಗುವುದಿಲ್ಲ, ಕಲಿಕೆಗೂ ಗೆಳೆತನಕ್ಕೂ ಅಡ್ಡಿಯಾಗುತ್ತವೆ. ಇದನ್ನು ವೈದ್ಯರು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎನ್ನುತ್ತಾರೆ. ಇದು ಟಿ.ವಿ., ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. 1902ರಲ್ಲಿಯೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂತಹ ಮಕ್ಕಳನ್ನು ವಿವರಿಸಿದ್ದರು. 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. 40 ಮಕ್ಕಳ ತರಗತಿಯಲ್ಲಿ ಇಬ್ಬರು ಇದ್ದರೆ ಆಶ್ಚರ್ಯವಿಲ್ಲ.

ಮೂರನೇ ತರಗತಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಅಡುಗೆಮನೆಯಿಂದ ತಾಯಿ, "ಹಲ್ಲುಜ್ಜು, ಸ್ನಾನ ಮಾಡು, ಯೂನಿಫಾರ್ಮ್ ಹಾಕ್ಕೊಂಡು ಬಾ" ಎಂದು ಕೂಗುತ್ತಾರೆ. ಅವನಿಗೆ ಮೂರೂ ಮಾತು ಕೇಳಿಸಿದೆ. ಹೊರಟೂ ಇದ್ದಾನೆ. ಬಚ್ಚಲ ಬಾಗಿಲಿನಲ್ಲಿ ಇರುವೆಗಳ ಸಾಲು ಕಾಣುತ್ತದೆ. ಅವು ಎಲ್ಲಿಗೆ ಹೋಗುತ್ತಿವೆ ಎಂದು ನೋಡುತ್ತ ನಿಲ್ಲುತ್ತಾನೆ. ಅಷ್ಟರಲ್ಲಿ ಆ ಮೂರು ಕೆಲಸ ತಲೆಯಿಂದ ಜಾರಿಹೋಗಿರುತ್ತವೆ. ಹತ್ತು ನಿಮಿಷದ ನಂತರ ತಾಯಿ ಬಂದು ನೋಡಿದರೆ ಒಣ ಬ್ರಷ್ ಕೈಯಲ್ಲಿದೆ. "ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಬೆನ್ನಿಗೆ ಒಂದು ಬೀಳುತ್ತದೆ. ಅವನಿಗೆ ನಿಜವಾಗಿಯೂ ಹತ್ತು ನಿಮಿಷವಾದದ್ದು ತಿಳಿದಿಲ್ಲ. ಸಮಯ ಸರಿಯುವುದು ಇಂತಹ ಮಕ್ಕಳಿಗೆ ನಮಗೆ ತಿಳಿದಂತೆ ತಿಳಿಯುವುದಿಲ್ಲ.

ಶಾಲೆಯಲ್ಲಿ ಗುರುಗಳು ಲೆಕ್ಕ ಹೇಳುತ್ತಿದ್ದಾರೆ. ಅದೇ ಹೊತ್ತಿಗೆ ಫ್ಯಾನಿನ ಕಿರ್ರೆನ್ನುವ ಸದ್ದು, ಹೊರಗೆ ಹೋದ ಟ್ರ್ಯಾಕ್ಟರ್, ಪಕ್ಕದವನ ಹೊಸ ಪೆನ್ಸಿಲ್ ಎಲ್ಲವೂ ಅಷ್ಟೇ ಜೋರಾಗಿ ಅವನನ್ನು ಕರೆಯುತ್ತವೆ. ಬೇಡದ್ದನ್ನು ಬದಿಗಿಡುವುದು ನಮಗೆ ಅರಿವಿಲ್ಲದೆಯೇ ಆಗುತ್ತದೆ. ಅವನು ಅದಕ್ಕಾಗಿ ಹೆಣಗಬೇಕು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಾಯಿಂದ ಹಾರುತ್ತದೆ. ಆಟದಲ್ಲಿ ತನ್ನ ಸರದಿ ಕಾಯಲಾಗದೆ ಚೆಂಡು ಕಸಿಯುತ್ತಾನೆ, ಮರುದಿನ ಯಾರೂ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ತಪ್ಪೆಂದು ಅವನಿಗೆ ಗೊತ್ತು. ಆದರೆ ಗೊತ್ತಾಗುವುದು ಮಾಡಿದ ಮೇಲೆ.

ಇದಕ್ಕೆ ಕಾರಣ ಮಿದುಳಿನ ಬೆಳವಣಿಗೆಯಲ್ಲಿದೆ. ತಡೆಯುವುದು, ಕಾಯುವುದು, ನೆನಪಿಟ್ಟುಕೊಂಡು ಮಾಡುವುದು ಇವುಗಳಲ್ಲಿ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಮಿದುಳಿನ ಹೊರಪದರ ಇತರ ಮಕ್ಕಳಲ್ಲಿ ಏಳೂವರೆ ವರ್ಷದ ಸುಮಾರಿಗೆ ತಲುಪುವ ಹಂತವನ್ನು ಈ ಮಕ್ಕಳಲ್ಲಿ ಹತ್ತೂವರೆಯ ಸುಮಾರಿಗೆ ತಲುಪುತ್ತದೆ. ಮುಂಭಾಗದಲ್ಲಿ ಈ ತಡ ಎದ್ದು ಕಾಣುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಎಂಟು ವರ್ಷದ ಜಾಣ ಹುಡುಗನಿಗೆ ಐದು ವರ್ಷದವನ ತಾಳ್ಮೆ ಇದ್ದರೆ ಹೇಗೋ ಹಾಗೆ. ಅಜ್ಜಿಯ ಮಾತಿನಲ್ಲೂ ಸತ್ಯವಿದೆ, ಇದು ಹೆಚ್ಚಾಗಿ ವಂಶದಲ್ಲಿ ಬರುವಂಥದ್ದು. ಸಕ್ಕರೆ ತಿಂದಿದ್ದರಿಂದಾಗಲಿ, ತಾಯಿ ಸರಿಯಾಗಿ ಬೆಳೆಸದೆ ಇದ್ದುದರಿಂದಾಗಲಿ ಬರುವುದಿಲ್ಲ.

ಹಾಗಾದರೆ ಮೊಬೈಲ್ ಮುಂದೆ ಎರಡು ಗಂಟೆ ಕೂರುವುದು ಹೇಗೆ?

ಇದು ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ. ಬೇಕಾದ ಕಡೆಗೆ ತಿರುಗಿಸಿ ಹಿಡಿದಿಡುವುದು ಕಷ್ಟ. ಮೊಬೈಲ್ ಆಟದಲ್ಲಿ ಕ್ಷಣಕ್ಷಣಕ್ಕೂ ಹೊಸದು, ಗೆದ್ದರೆ ಕೂಡಲೇ ಬಹುಮಾನ. ಮಗ್ಗಿ ಕಲಿತರೆ ಸಿಗುವ ಫಲ ಪರೀಕ್ಷೆಯ ದಿನ. ಅಷ್ಟು ದೂರದ ಫಲಕ್ಕಾಗಿ ಬೇಸರ ಸಹಿಸುವುದೇ ಅವರಿಗೆ ಆಗದ ಕೆಲಸ. "ಮನಸ್ಸು ಮಾಡಿದರೆ ಮಾಡುತ್ತಾನೆ, ಬೇಕೆಂದೇ ಮಾಡುವುದಿಲ್ಲ" ಎಂದು ತೀರ್ಮಾನಿಸುವುದು ಇಲ್ಲಿಯೇ ತಪ್ಪುತ್ತದೆ.

ಇಂತಹ ಮಗು ಎದ್ದಾಗಿನಿಂದ ಮಲಗುವವರೆಗೆ ಎಷ್ಟು ಬೈಗುಳ ಕೇಳುತ್ತದೆ ಎಂದು ಒಂದು ದಿನ ಎಣಿಸಿ ನೋಡಿ. ಮನೆಯಲ್ಲಿ, ಶಾಲೆಯಲ್ಲಿ, ಮದುವೆ ಮನೆಯಲ್ಲಿ ನೆಂಟರ ಮುಂದೆ. ಸೋಮಾರಿ, ಉಡಾಳ, ದಡ್ಡ. ಹತ್ತು ವರ್ಷಕ್ಕೆ ಬರುವಷ್ಟರಲ್ಲಿ ಅದೇ ತನ್ನ ಹೆಸರೆಂದು ಅದು ನಂಬಿರುತ್ತದೆ. ಪುಸ್ತಕ ಮುಟ್ಟುವುದನ್ನೇ ಬಿಡುವುದು, ಸುಳ್ಳು ಹೇಳುವುದು, ಶಾಲೆ ತಪ್ಪಿಸುವುದು ಎಷ್ಟೋ ಸಲ ಶುರುವಾಗುವುದು ಇಲ್ಲಿಂದ. ಹೆಣ್ಣುಮಕ್ಕಳಲ್ಲಿ ಇನ್ನೊಂದು ಕಷ್ಟವಿದೆ. ಅವರಲ್ಲಿ ಹಲವರು ಓಡಾಡುವುದಿಲ್ಲ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತಿರುತ್ತಾರೆ. ತೊಂದರೆ ಕೊಡದ ಮಗುವಿನ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಬಹಳವಿದೆ. ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟು, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಅದು ಮುಗಿದ ಕೂಡಲೇ "ಶಹಬ್ಬಾಸ್" ಎನ್ನಿ, ಸಂಜೆಯವರೆಗೆ ಕಾಯಬೇಡಿ. ಮನೆಪಾಠವನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿ, ನಡುವೆ ಒಂದು ಸುತ್ತು ಓಡಿಬರಲು ಬಿಡಿ. ಶಾಲೆಯ ಚೀಲ ರಾತ್ರಿಯೇ ಸಿದ್ಧವಾಗಲಿ. ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂಡಿಸುವಂತೆ ಗುರುಗಳನ್ನು ಕೇಳಿಕೊಳ್ಳಿ. ಹೊಡೆತದಿಂದ ಕ್ಷಣ ಸುಮ್ಮನಾಗಬಹುದು, ಗಮನ ಬೆಳೆಯುವುದಿಲ್ಲ.

ಇದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ಮನೆಯವರನ್ನೂ ಶಿಕ್ಷಕರನ್ನೂ ವಿಚಾರಿಸಿ ನಿರ್ಧರಿಸುತ್ತಾರೆ. ಕಿವಿ, ಕಣ್ಣು, ನಿದ್ದೆ, ರಕ್ತಹೀನತೆ ನೋಡುತ್ತಾರೆ. ಕೆಲವು ಕ್ಷಣ ದಿಟ್ಟಿಸಿ ನಿಂತು, ಕರೆದರೂ ಓಗೊಡದಿದ್ದರೆ ಅದು ಒಂದು ಬಗೆಯ ಫಿಟ್ಸ್ ಇರಬಹುದಾದ್ದರಿಂದ ಅದನ್ನೂ ತಪ್ಪದೆ ತಿಳಿಸಿ. 6 ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರ ತರಬೇತಿಯೇ ಚಿಕಿತ್ಸೆ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದರೆ ಮೀಥೈಲ್‌ಫೆನಿಡೇಟ್ ಅಥವಾ ಅಟೊಮೊಕ್ಸೆಟಿನ್ ಮಾತ್ರೆ ಕೊಡುತ್ತಾರೆ. ಮಾತ್ರೆಯಿಂದ ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು. ಅದಕ್ಕಾಗಿಯೇ ಎತ್ತರ, ತೂಕ, ನಾಡಿ, ರಕ್ತದೊತ್ತಡ ಆಗಾಗ ನೋಡಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಚಟವಾಗುತ್ತದೆಂಬ ಭಯ ಬೇಡ. ಪಕ್ಕದ ಮನೆಯ ಮಗುವಿನ ಮಾತ್ರೆ ಮಾತ್ರ ತಂದು ಕೊಡಬೇಡಿ.

ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯೂ ಸೇರಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ಆರೋಗ್ಯ ತಂಡಕ್ಕೆ ತೋರಿಸಿದರೆ ಮುಂದಿನ ಪರೀಕ್ಷೆಗೆ ಉಚಿತವಾಗಿ ಕಳುಹಿಸುತ್ತಾರೆ.

ವೈದ್ಯರಲ್ಲಿಗೆ ಬರುವಾಗ ಮಗುವಿನ ನೋಟ್‌ಬುಕ್ಕುಗಳನ್ನೂ ತರಗತಿ ಶಿಕ್ಷಕರು ಬರೆದುಕೊಟ್ಟ ಒಂದು ಚೀಟಿಯನ್ನೂ ತನ್ನಿ. ಮಗುವಿನ ಎದುರಿಗೆ ದೂರಿನ ಪಟ್ಟಿ ಬಿಚ್ಚಬೇಡಿ. ಅದನ್ನು ಬೇರೆಯಾಗಿ ಹೇಳಬಹುದು. ವೈದ್ಯರು ಮಗುವನ್ನು ಏನಾದರೂ ಕೇಳಿದಾಗ, ತಡವಾದರೂ ಉತ್ತರ ಅದೇ ಹೇಳಲಿ.